ಕಾಲರಿನ ಕೆಂಪು ದಾರ

ಚಿಂದಿಯಕ್ಕನಿಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಅವಳೂ ಬೇಜಾರು ಮಾಡಿಕೊಂಡವಳಲ್ಲ. ಮಾಡುವ ಕೆಲಸವೇ ಅದು ತಾನೇ? ಜನ ಉಟ್ಟು, ತೊಟ್ಟು, ಹಾಸಿ, ಹೊದ್ದು ಬಿಟ್ಟ ಬಟ್ಟೆಯೆಲ್ಲ ಮುದ್ರಣಾಲಯದ ಮೇಲಿನ ಅವಳ ಉದ್ದನೆಯ ಕೋಣೆಗೆ ಬರುತ್ತಿತ್ತು. ಹೋಗುವಾಗ ಕೋಟೋ, ಚೀಲವೋ, ಗೋಡೆಗೆ ತೂಗುಹಾಕುವ ಚಿತ್ರವೋ ಆಗಿರುತ್ತಿತ್ತು. ಅವಳು ಮಾಡಿದ ಹೊಳೆಯ ಚಿತ್ರವೊಂದು ಗ್ರಂಥಾಲಯದ ಗೋಡೆಯ ಮೇಲಿದೆ. ಅದರಲ್ಲಿರುವ ನೀರು ಯಾರದೋ ಪೈಜಾಮ ಎಂದರೆ ನೋಡಿದವರು ನಂಬುವುದಿಲ್ಲ.

ನಂಬಬಾರದು ಎಂಬುದೇ ಅವಳ ಹಟ. ಅದಕ್ಕೊಂದು ಕ್ರಮವಿತ್ತು. ಬಂದ ಬಟ್ಟೆಯನ್ನು ಮೊದಲು ಬಿಚ್ಚಬೇಕು. ಗುಂಡಿ ಡಬ್ಬಿಗೆ, ಹಳೇ ದಾರ ದಿಂಬಿಗೆ ತುಂಬುವ ಚೀಲಕ್ಕೆ, ಬಟ್ಟೆ ಬಿಸಿನೀರಿಗೆ. ಹೊಲಿಗೆ ವಕ್ರವಾಗಿದ್ದರಂತೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಾಗಲೂ ಅವರ ಕೋಟಿನ ತೋಳನ್ನೇ ನೋಡುತ್ತಿದ್ದಳಂತೆ. ಹಲ್ಲು ಕಿತ್ತದ್ದಕ್ಕಿಂತ ಆ ತೋಳಿನ ಹೊಲಿಗೆಯೇ ಹೆಚ್ಚು ನೋಯಿಸಿತು ಎಂದು ಮನೆಗೆ ಬಂದು ನಾದಿನಿಯ ಹತ್ತಿರ ಹೇಳಿಕೊಂಡಿದ್ದಳು.

ಆ ಬೆಳಿಗ್ಗೆ ಮೇಜಿನ ಮೇಲೊಂದು ಕಾಗದದ ಚೀಲವಿತ್ತು. ಒಳಗೆ ಖಾಕಿ ಅಂಗಿ, ಬಸ್ ಡ್ರೈವರುಗಳದ್ದು. ಅಂಗಿಯನ್ನು ಎಳೆದುಕೊಂಡು ಚೀಲವನ್ನು ಆಚೆ ಎಸೆದಳು. ಕಾಲರ್ ಮಡಿಕೆಯಲ್ಲಿ ಸವೆದಿದ್ದರಿಂದ ಯಾರೋ ಅದನ್ನು ಬಿಚ್ಚಿ, ಸವೆದ ಮಗ್ಗುಲು ಒಳಗೆ ಹೋಗುವಂತೆ ತಿರುಗಿಸಿ ಕೈಯಲ್ಲೇ ಹೊಲಿದಿದ್ದರು. ಖಾಕಿಯ ಮೇಲೆ ಕೆಂಪು ದಾರ. ಒಂದು ಹೊಲಿಗೆ ಅಕ್ಕಿಕಾಳಿನಷ್ಟು, ಇನ್ನೊಂದು ಬೆರಳಿನ ಗೆಣ್ಣಿನಷ್ಟು. ಸಾಲು ಮೇಲೆ ಹೋಗಿ ಕೆಳಗೆ ಬಂದು ಮತ್ತೆ ಮೇಲೆ ಹೋಗಿತ್ತು.

"ಯಾರಪ್ಪಾ ಈ ಮಹಾನುಭಾವರು" ಎಂದು ನಗುತ್ತಲೇ ಗಂಟು ಕತ್ತರಿಸಿ ಎಳೆದಳು. ದಾರ ಒಂದೇ ಎಳೆಯಾಗಿ ಸರ್ರನೆ ಬಂತು. ಅದನ್ನು ದಿಂಬಿನ ಚೀಲಕ್ಕೆ ಎಸೆದಳು.

ಅಂಗಿಯನ್ನು ಬಿಸಿನೀರಿನ ಬಕೆಟ್ಟಿಗೆ ಹಾಕಲು ಏಳುವ ಹೊತ್ತಿಗೆ ನಾದಿನಿ ಮೆಟ್ಟಿಲು ಹತ್ತಿ ಬಂದಳು. ನೋಡಿದವಳೇ ಬಾಗಿಲಲ್ಲೇ ನಿಂತುಬಿಟ್ಟಳು.

"ಅತ್ತಿಗೆ, ಚೀಟಿ ಓದಲಿಲ್ವಾ?"

"ಯಾವ ಚೀಟಿ?"

ಚೀಟಿ ಚೀಲದೊಳಗೇ ಇತ್ತು. ಹಿಂದಿನ ದಿನ ಚಿಂದಿಯಕ್ಕ ಇಲ್ಲದಾಗ ಅಂಗಿಯ ಒಡೆಯ ಡ್ರೈವರಣ್ಣ ಬಂದಿದ್ದರು; ಅವರು ಹೇಳಿದ್ದನ್ನು ನಾದಿನಿಯೇ ಬರೆದಿಟ್ಟಿದ್ದಳು. ಈಗ ನಿವೃತ್ತರು, ಒಬ್ಬರೇ. ಅಂಗಿಯನ್ನು ಗೋಡೆಗೆ ಹಾಕುವಂತೆ ಮಾಡಿಕೊಡಿ, ಏನು ಬೇಕಾದರೂ ಮಾಡಿ, ಕಾಲರ್ ಮಾತ್ರ ಮುಟ್ಟಬೇಡಿ ಎಂದಿದ್ದರು. ಅದನ್ನು ಹೊಲಿದದ್ದು ಅವರ ಹೆಂಡತಿ. ಕಣ್ಣು ಮಂಜಾಗಿದ್ದ ಕಾಲದಲ್ಲಿ, ಖಾಕಿ ದಾರವೆಂದುಕೊಂಡು ಕೆಂಪು ಪೋಣಿಸಿದ್ದಳು. ಅವರು ಅದನ್ನೇ ತೊಟ್ಟು ಎಂಟು ತಿಂಗಳು ಬಸ್ಸು ಓಡಿಸಿದ್ದರು. ಡಿಪೋದಲ್ಲಿ ಎಲ್ಲರೂ ಆಡಿಕೊಂಡಿದ್ದರಂತೆ. ಮನೆಯಲ್ಲಿ ಮಾತ್ರ ಇವರು ಬಾಯಿ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಆಕೆ ತೀರಿಕೊಂಡಳು.

ಚಿಂದಿಯಕ್ಕ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಮೂವತ್ತು ವರ್ಷದಲ್ಲಿ ಬಿಚ್ಚಿದ ಹೊಲಿಗೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಇಂಥವು ಎಷ್ಟಿದ್ದವೋ ಎಂದು ಮೊದಲ ಬಾರಿಗೆ ಅನ್ನಿಸಿತು.

"ಅದಕ್ಯಾಕೆ ಲೋಕ ಮುಳುಗಿದ ಹಾಗೆ ಕೂತಿದ್ದೀರ?" ಎಂದಳು ನಾದಿನಿ. "ಅದೇ ದಾರ ತಗೊಂಡು ವಾಪಸ್ ಹೊಲಿದುಬಿಡಿ. ಯಾರಿಗೆ ಗೊತ್ತಾಗತ್ತೆ?"

ದಾರ ದಿಂಬಿನ ಚೀಲದ ಮೇಲುಗಡೆಯೇ ಇತ್ತು, ಬಾಗಿ ಬಾಗಿ, ಹೊಲಿಗೆಯ ಗುರುತನ್ನು ಮರೆಯದೆ. ದಪ್ಪ ಬಟ್ಟೆಯಾದ್ದರಿಂದ ಸೂಜಿಯ ತೂತುಗಳೂ ಉಳಿದಿದ್ದವು. ಚಿಂದಿಯಕ್ಕ ಹೊಲಿಯತೊಡಗಿದಳು. ಆದರೆ ಅವಳ ಕೈ ಅವಳ ಮಾತನ್ನೂ ಕೇಳದ ಕೈ. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಹಳೇ ತೂತು ಬಿಟ್ಟು ಸಾಲು ನೇರವಾಗಿಬಿಡುತ್ತಿತ್ತು. ಎರಡು ಸಲ ಬಿಚ್ಚಿದಳು. ಕೊನೆಗೆ ಕಣ್ಣು ಮುಚ್ಚಿ, ಎಡಗೈ ಬೆರಳಿನಿಂದ ತೂತು ತಡವಿ, ಸಿಕ್ಕಲ್ಲಿ ಸೂಜಿ ಇಳಿಸಿದಳು. ಕೆಲವು ಕಡೆ ತೂತಿನ ಪಕ್ಕದಲ್ಲೇ ಇನ್ನೊಂದು ತೂತು ಸಿಕ್ಕಿತು. ಆ ಹೆಂಗಸೂ ಹೀಗೆಯೇ ತಡವಿ, ತಪ್ಪಿ, ಮತ್ತೆ ಚುಚ್ಚಿರಬೇಕು. ಸವೆದ ಅಂಗಿ ತೊಟ್ಟು ಗಂಡ ಕೆಲಸಕ್ಕೆ ಹೋಗಬಾರದು ಎಂಬುದಷ್ಟೇ ಆಕೆಗೆ ಕಾಣುತ್ತಿದ್ದಿರಬೇಕು.

ಗಂಟು ಕತ್ತರಿಸಿದ್ದರಿಂದ ದಾರ ಸಾಲದೆ ಕೊನೆಯ ನಾಲ್ಕು ತೂತು ಖಾಲಿ ಉಳಿದವು. ಹೊಸ ಕೆಂಪು ರೀಲು ಕೈಯಲ್ಲಿ ಹಿಡಿದಳು, ಮತ್ತೆ ಕೆಳಗಿಟ್ಟಳು.

ಒಂದು ವಾರ ಬಿಟ್ಟು ಮಧ್ಯಾಹ್ನ ಡ್ರೈವರಣ್ಣ ಬಂದರು. ಚಿಂದಿಯಕ್ಕ ಕಂದು ಬಟ್ಟೆಯ ತುಂಡುಗಳಿಂದ ರಸ್ತೆಯ ಚಿತ್ರ ಮಾಡಿ, ಅದರ ಮೇಲೆ ಖಾಕಿ ಅಂಗಿಯನ್ನು ಕೂರಿಸಿದ್ದಳು. ಅವರು ಬೇರೇನನ್ನೂ ನೋಡಲಿಲ್ಲ. ಕಾಲರಿನ ಮೇಲೆ ಬೆರಳಾಡಿಸಿದರು.

"ಇದೇ ಕಣಮ್ಮ. ಹೀಗೇ ಇತ್ತು."

ನಾದಿನಿ ಕಣ್ಣಲ್ಲೇ ಸನ್ನೆ ಮಾಡಿದಳು, ಸುಮ್ಮನಿರಿ ಎಂದು. ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಆ ಮನುಷ್ಯ ಇನ್ನು ಇಪ್ಪತ್ತು ವರ್ಷ ಗೋಡೆಯ ಮುಂದೆ ನಿಂತು, ಹೆಂಡತಿಯದೆಂದು ನಂಬಿ ನನ್ನ ಹೊಲಿಗೆಯನ್ನು ಸವರುತ್ತಾರಲ್ಲ ಎಂದು ನೆನೆದರೇ ಚಿಂದಿಯಕ್ಕನಿಗೆ ತಡೆಯಲಾಗಲಿಲ್ಲ.

"ಅಣ್ಣಾ, ನಾನು ಅದನ್ನ ಬಿಚ್ಚಿಬಿಟ್ಟಿದ್ದೆ. ಚೀಟಿ ನೋಡಿರಲಿಲ್ಲ. ದಾರ ಅವರದ್ದೇ, ತೂತೂ ಅವರದ್ದೇ. ಹೊಲಿಗೆ ಮಾತ್ರ ನಂದು."

ಕೆಳಗೆ ಮುದ್ರಣಯಂತ್ರ ಓಡುತ್ತಿತ್ತು. ಡ್ರೈವರಣ್ಣನ ಬೆರಳು ಕಾಲರ್ ಮೇಲೆಯೇ ನಿಂತಿತು. ಬೈದರೆ ಬೈಸಿಕೊಳ್ಳಲು ಅವಳು ತಯಾರಿದ್ದಳು. ಅವರು ಬೈಯಲಿಲ್ಲ.

"ಹೇಳದೇ ಇರಬಹುದಿತ್ತು ನೀವು."

"ಇರಬಹುದಿತ್ತು."

"ನಾನು ಹೇಳಲೇ ಇಲ್ಲ ಅವಳಿಗೆ. 'ಹೊಲಿಗೆ ಕಾಣತ್ತೇನ್ರೀ?' ಅಂತ ದಿನಾ ಕೇಳೋಳು. ಇಲ್ಲ ಕಣೇ, ಬಟ್ಟೇಲೇ ಕರಗಿಹೋಗಿದೆ ಅನ್ನೋನು ನಾನು. ನೊಂದ್ಕೋತಾಳೆ ಅಂತ. ಈಗನ್ಸತ್ತೆ, ಹೇಳಿದ್ರೆ ಇಬ್ರೂ ಕೂತು ನಕ್ಕುಬಿಡ್ತಿದ್ವೋ ಏನೋ."

ಖಾಲಿ ತೂತುಗಳು ಆಗ ಅವರ ಬೆರಳಿಗೆ ಸಿಕ್ಕವು. ನಾಲ್ಕನ್ನೂ ಎಣಿಸಿದರು.

"ದಾರ ಸಾಲಲಿಲ್ಲ" ಎಂದಳು ಚಿಂದಿಯಕ್ಕ.

ಅವರು ಸ್ಟೂಲು ಎಳೆದುಕೊಂಡು ಕೂತರು. "ಒಂದು ಸೂಜಿ ಕೊಡಿ."

ಅವಳು ದಾರದ ಡಬ್ಬಿಯನ್ನೇ ಮುಂದಿಟ್ಟಳು. ಅದರಲ್ಲಿ ಆ ಅಂಗಿಗೆ ಹೇಳಿ ಮಾಡಿಸಿದಂಥ ಖಾಕಿ ರೀಲೂ ಇತ್ತು. ಅವರು ಅದನ್ನು ಪಕ್ಕಕ್ಕೆ ಸರಿಸಿ ಕೆಂಪು ರೀಲು ತೆಗೆದುಕೊಂಡರು. ಸೂಜಿಗೆ ದಾರ ಪೋಣಿಸಲು ಅವರಿಗೆ ಆಗಲಿಲ್ಲ, ನಾದಿನಿ ಪೋಣಿಸಿಕೊಟ್ಟಳು. ಸ್ಟಿಯರಿಂಗ್ ಹಿಡಿದ ದಪ್ಪ ಬೆರಳುಗಳಲ್ಲಿ ನಾಲ್ಕು ಹೊಲಿಗೆ ಹಾಕಿದರು. ಎರಡು ತೂತಿಗೆ ಬಿದ್ದವು, ಎರಡು ಎಲ್ಲೆಲ್ಲೋ ಬಿದ್ದವು. ಚಿಂದಿಯಕ್ಕ ಕೈ ಕಟ್ಟಿಕೊಂಡು ನೋಡುತ್ತಿದ್ದಳು.

ಮುಗಿಸಿ, ಗಂಟು ಹಾಕಿ, ಅಂಗಿಯ ಕಡೆ ಬಗ್ಗಿದರು.

"ಕೆಂಪು ದಾರ ಕಣೇ" ಎಂದರು ಮೆಲ್ಲಗೆ. "ಇಡೀ ಡಿಪೋಗೆ ಕಾಣ್ತಿತ್ತು."