ತುಂಬದ ಮಡಕೆ

ಗಂಡ ಠಾಕೋರ್ ತೀರಿಹೋದ ಮೇಲೆ ಬಂದ ಮೊದಲ ಚಳಿಗಾಲ. ಮಡಕೆಯಲ್ಲಿ ಅವರೆಕಾಯಿ, ಗೆಣಸಿನ ‘ಉಬಾಡಿಯು’ ಎಂಬ ತಿನಿಸು ಸುಡುವುದು ಅವನ ಪಾಲಿನ ಕೆಲಸವಾಗಿತ್ತು. ಹಿತ್ತಲಲ್ಲಿ ಹೊಗೆ ಎದ್ದರೆ ಸಾಕು, ಗುಜರಾತಿನ ವಲಸಾಡದ ಆ ಓಣಿಯ ಅರ್ಧ ಜನ ಬಟ್ಟಲು ಹಿಡಿದು ಬರುತ್ತಿದ್ದರು. ಈ ಸಲ ಯಾರನ್ನೂ ಕರೆಯದೆ, ಯಾರ ಅಯ್ಯೋ ಪಾಪವನ್ನೂ ಕೇಳದೆ, ತನ್ನೊಬ್ಬಳಿಗೆ ತಾನೇ ಸುಟ್ಟು ತಿನ್ನಬೇಕೆಂದು ಇಂದುಬೆನ್ ಹಟ ತೊಟ್ಟಳು.

ಉಪ್ಪು, ಓಮ, ಹಸಿಮೆಣಸು ತಿಕ್ಕಿದ ಎರಡು ಬೊಗಸೆ ಅವರೆಕಾಯಿ, ಒಂದು ಗೆಣಸು ಅವನ ದೊಡ್ಡ ಮಡಕೆಗೆ ಬಿದ್ದವು. ನೀರಿಲ್ಲ, ಎಣ್ಣೆಯಿಲ್ಲ. ಅದರ ಬಾಯಿಗೆ ಗಮಗಮಿಸುವ ಕಲಾರ್ ಸೊಪ್ಪು ಗಿಡಿದು, ಮಡಕೆಯನ್ನು ಬೋರಲು ಹಾಕಿ, ಬೆರಣಿ ತರಗೆಲೆ ಒಟ್ಟಿ ಬೆಂಕಿಯಿಟ್ಟಳು.

ಬೇಲಿಯಾಚೆಯಿಂದ ಠಾಕೋರನ ಸೋದರತ್ತೆ ಮಣಿಫೋಯಿ ಇಣುಕಿ ಸೊಸೆಯನ್ನು ಕೇಳಿದರು. "ಏನೇ ವಹು, ಇಷ್ಟು ದೊಡ್ಡ ಬೆಂಕಿ! ಒಳಗೇನಿಟ್ಟಿದ್ದೀಯ, ಇಲಿಮರಿ ಊಟಾನಾ?"

"ನನ್ನ ಊಟ ಫೋಯಿ."

"ನಮ್ಮನೇಲೂ ಅವರೆಕಾಯಿ ಬಿದ್ದಿದೆ, ತರ್ಲಾ? ಒಟ್ಟಿಗೆ ಬೇಯ್ಲಿ."

"ಬೇಡಿ, ಇಷ್ಟು ಸಾಕು."

ಬೆಂಕಿ ಇಳಿದ ಮೇಲೆ, ಠಾಕೋರ್ ಮಾಡುತ್ತಿದ್ದಂತೆ ಮಡಕೆಯ ಮೇಲೆ ನೀರು ಚಿಮುಕಿಸಿದಳು. ಹನಿ ಚುಂಯ್ ಎಂದು ಆರಿತು. ಬೆಂದಿದೆ ಎಂದರ್ಥ. ತೆಗೆದು ನೋಡಿದರೆ ಅವರೆಕಾಯಿ ಹಸಿಹಸಿ; ಗೆಣಸಿಗೆ ಉಗುರು ಇಳಿಯಲಿಲ್ಲ.

ಕಾದದ್ದು ಮಡಕೆ ಮಾತ್ರ. ಬೋರಲು ಹಾಕಿದಾಗ ಒಳಗಿದ್ದ ನಾಲ್ಕು ಕಾಯಿ ಬಾಯಿಯ ಸೊಪ್ಪಿನ ಮೇಲೆ ಜಾರಿ ಕೂತಿದ್ದವು. ಕೆಂಡದ ಕಾವು ಮಣ್ಣು ದಾಟಿ ಬಂದರೂ ಅವುಗಳ ಮೇಲೆಲ್ಲ ಬರೀ ಗಾಳಿ. ಗಾಳಿ ಶಾಖವನ್ನು ಸುಲಭಕ್ಕೆ ದಾಟಿಸುವುದಿಲ್ಲ ಎಂದು ವರ್ಷವರ್ಷ ಏಳನೆಯ ತರಗತಿಗೆ ಪಾಠ ಹೇಳುವವಳು ಅವಳೇ. ತುಂಬಿದ ಮಡಕೆಯಲ್ಲಾದರೆ ಕಾಯಿಗಳು ಬಿಸಿ ಗೋಡೆಗೆ ಒತ್ತಿಕೊಂಡು, ಒಂದರ ಹಬೆಯಲ್ಲಿ ಇನ್ನೊಂದು ಬೇಯುತ್ತಿದ್ದವು. ಠಾಕೋರ್ ಓಣಿಗೆಲ್ಲ ಕೂಗು ಹಾಕುತ್ತಿದ್ದುದು ಬರೀ ಧಾರಾಳತನವೆಂದು ತಿಳಿದಿದ್ದಳು. ಒಬ್ಬರಿಗೆಂದು ಇಟ್ಟರೆ ಅದು ಬೇಯುವುದೇ ಇಲ್ಲ ಎಂಬುದು ಅವನಿಗೆ ಗೊತ್ತಿತ್ತೋ ಏನೋ.

ಮುಂದಿನ ಭಾನುವಾರ ಕಾಯಿಗಳನ್ನು ಮಡಕೆಯ ಗೋಡೆಗೆ ಒತ್ತಿ ಜೋಡಿಸಿದಳು. ನಡುವಿನ ಪೊಳ್ಳಿಗೆಲ್ಲ ಒದ್ದೆ ಸೊಪ್ಪನ್ನು ಮುಷ್ಟಿಯಿಂದ ಗಿಡಿದಳು.

ಗಮ ಬೇಲಿ ದಾಟಿತು.

"ಠಾಕೋರನ ಕೈದೇ ಗಮ ಕಣೇ! ಯಾರ್ಯಾರು ಬಂದಿದ್ದಾರೆ?"

"ಯಾರೂ ಇಲ್ಲ ಫೋಯಿ."

"ಮತ್ತೆ ಮಡಕೆ ಹೇಗೆ ತುಂಬಿಸ್ದೆ?"

ಇಂದುಬೆನ್ ಮಡಕೆಯಿಂದ ಹೊಗೆಯಾಡುವ ಸೊಪ್ಪನ್ನು ಎಳೆದೆಳೆದು ಹೊರಗೆ ಹಾಕಿದಳು. ಅದರ ರಾಶಿ ಮೊಣಕಾಲೆತ್ತರ ಬಂತು. ತಿನ್ನುವುದು ಒಂದು ಬಟ್ಟಲು. ಮಜ್ಜಿಗೆಯನ್ನು ಪಕ್ಕಕ್ಕಿಟ್ಟುಕೊಂಡು ಮೊದಲ ಕಾಯಿ ಸುಲಿದಳು. ಹದವಾಗಿ ಬೆಂದಿತ್ತು, ಅವನು ಸುಡುತ್ತಿದ್ದಂತೆಯೇ.

ಫೋಯಿ ಇನ್ನೂ ಬೇಲಿಯ ಬಳಿಯೇ ನಿಂತಿದ್ದರು. ಅವರ ಕೈಯಲ್ಲಿ ಬಟ್ಟಲಿದ್ದುದು ಇಂದುಬೆನ್‌ಗೆ ಕಂಡಿತ್ತು. ತಲೆ ಎತ್ತದೆ ಎರಡನೆಯದನ್ನು ಸುಲಿದಳು.