ಒಂದು ಹಾಡು, ಒಂದು ಜೋಡಿ

ಮೇಷ್ಟ್ರು ಸದ್ದು ಏರಿಸಿದ್ದೇ ತಡ, ಸಭೆಯ ಕೋಣೆಯ ಸ್ಪೀಕರಿನಲ್ಲಿ ನೆಲಗುಬ್ಬಿ ಎಡೆಬಿಡದೆ ಹಾಡತೊಡಗಿತು. ರಸ್ತೆ ಎಂಜಿನಿಯರ್ ಚಹಾಕ್ಕೆ ಬಿಸ್ಕತ್ತು ಅದ್ದುತ್ತಲೇ ತಲೆದೂಗಿದ. ಹಕ್ಕಿ ಎಣಿಸುವವಳಿಗೆ ಮಾತ್ರ ಮೈಯೆಲ್ಲ ಉರಿಯಿತು. ಬಿಸಿಲಲ್ಲಿ ಕೂತು ಆ ಹಾಡನ್ನು ಹಿಡಿದು ತಂದವಳೇ ಅವಳು.

ಮೊದಲ ರಸ್ತೆ ಆಗಲೇ ಹುಲ್ಲುಗಾವಲಿನ ಒಂದು ಬದಿಯನ್ನು ಚೂರುಚೂರು ಮಾಡಿತ್ತು. ಇನ್ನೊಂದು ಬದಿ ಇಡಿಯಾಗಿ ಉಳಿದಿತ್ತು. ಎರಡನೆಯದು ಅದರ ನಡುವೆಯೇ ಹೋಗಬೇಕಂತೆ! ಚೂರುಗಳಲ್ಲೂ ಹಕ್ಕಿ ಬಾಳುತ್ತದೆ ಎಂದು ಅವಳು ಕೆಲಸಕ್ಕಿದ್ದ ಮೇಷ್ಟ್ರ ಪಕ್ಷಿ ಅಧ್ಯಯನ ಸಂಸ್ಥೆ ಒಂದು ಮಾತು ಹೇಳಿದರೆ ಸಾಕು, ಬುಲ್ಡೋಜರ್ ಹೊರಡುತ್ತದೆ.

“ಚೂರಲ್ಲೂ ಹೇಗೆ ಹಾಡ್ತಿದೆ ನೋಡಿ! ಬೆಳಗಿಂದ ಸಂಜೆವರೆಗೂ ಹಾಡತ್ತೆ. ಒಂದು ಹಾಡು ಅಂದ್ರೆ ಒಂದು ಜೋಡಿ,” ಎಂದರು ಮೇಷ್ಟ್ರು.

ಆ ಲೆಕ್ಕ ಅವಳಿಗೆ ಕಲಿಸಿದವರೂ ಅವರೇ. ಹೆಣ್ಣು ಹುಲ್ಲಿನ ಬುಡದಲ್ಲಿ ಅಡಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಹಾಡುವ ಗಂಡನ್ನು ಕೇಳಿ ಜೋಡಿಯೆಂದು ಎಣಿಸುವುದು ಈ ಕಸುಬಿನ ರೂಢಿ. ಇಡಿಯಾಗಿ ಉಳಿದ ಬಯಲಿನಲ್ಲಿ ಅದು ಸರಿಯೇ.

“ಸಾಕು, ನಿಲ್ಸಿ ಮೇಷ್ಟ್ರೇ!” ಅವಳು ಎದ್ದೇಬಿಟ್ಟಳು. “ಜೋಡಿ ಸಿಕ್ಕಿದ ಹಕ್ಕಿಗೆ ಇಷ್ಟು ಹಾಡೋಕೆ ಪುರುಸೊತ್ತೆಲ್ಲಿ? ಮರಿಗಳ ಬಾಯಿಗೆ ಹುಳ ತುಂಬೋದ್ರಲ್ಲೇ ಸುಸ್ತಾಗತ್ತೆ. ಚೂರಿನ ಅಂಚಲ್ಲೆಲ್ಲ ಕಾಗೆ, ಬೆಕ್ಕು, ನಾಯಿ. ಅಲ್ಲಿಗೆ ಯಾವ ಹೆಣ್ಣು ಬರತ್ತೆ? ಪಾಪ, ಇದು ಒಂಟಿಯಾಗಿ ಕೂಗಿ ಕೂಗಿ ಸಾಯ್ತಿದೆ!”

“ನಮ್ಮ ಚಿಕ್ಕಪ್ಪನೂ ಮದುವೆ ಆಗೋವರೆಗೂ ಹೀಗೇ ಹಾಡ್ತಿದ್ದ,” ಎಂದ ಎಂಜಿನಿಯರ್. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

“ನಿಮಗೆ ಗೊತ್ತಿಲ್ವಾ ಇದು? ನಾಚಿಕೆ ಆಗಲ್ವಾ?” ಎಂದಳು.

“ಕೂತ್ಕೊಳ್ಳಮ್ಮ,” ಎಂದು ಮೇಷ್ಟ್ರು ರಸ್ತೆಯ ಒಪ್ಪಿಗೆ ಪತ್ರಕ್ಕೆ ತಾವೇ ಸಹಿ ಹಾಕಿದರು.

ರಸ್ತೆ ಬಂತು. ಅವಳು ಕೆಲಸ ಬಿಡಲಿಲ್ಲ. ತಾನು ಬಿಟ್ಟರೆ ಇಲ್ಲದ ಹಕ್ಕಿಯನ್ನೂ ಎಣಿಸುವವರು ಬರುತ್ತಾರೆಂದು ಹಲ್ಲುಕಚ್ಚಿ ಉಳಿದಳು. ಮರುವರ್ಷ ಹಾಡಿನ ಕಾಲದಲ್ಲಿ ಹೊಸ ರಸ್ತೆಯ ಎರಡೂ ಬದಿ ನಡೆದು, ಕೂತು, ಕಾದಳು. ಲಾರಿ ಸದ್ದು ಬಿಟ್ಟರೆ ಏನೂ ಇಲ್ಲ. ಆ ಹಳೆಯ ಚೂರಿನ ಒಂಟಿಯೂ ಇಲ್ಲ. ಮೇಷ್ಟ್ರಿಗೆ ಫೋನ್ ಮಾಡಿದಳು.

“ಎಲ್ಲೂ ಒಂದೂ ಹಾಡ್ತಿಲ್ಲ.”

“ಒಳ್ಳೇದೇ ಆಯ್ತಲ್ಲಮ್ಮ!” ಎಂದರು ಅವರು. “ಜೋಡಿ ಸಿಕ್ಕಿದ್ರೆ ಹಾಡಲ್ಲ ಅಂತ ನೀನೇ ಹೇಳಿದ್ಯಲ್ಲ. ಎಲ್ಲಕ್ಕೂ ಜೋಡಿ ಸಿಕ್ಕಿದೆ ಅಂತ ಬರೆದುಬಿಡು.”

ತನ್ನ ಮಾತಿನಿಂದಲೇ ತನ್ನ ಬಾಯಿ ಹೊಲಿಯುತ್ತಿದ್ದಾರೆ!

“ಬನ್ನಿ ಇಲ್ಲಿಗೆ,” ಎಂದು ಕಿರುಚಿದಳು. “ಈಗಲೇ ಬನ್ನಿ. ಈ ಹುಲ್ಲಲ್ಲಿ ಮಂಡಿಯೂರಿ ಹುಡುಕಿ ಒಂದೇ ಒಂದು ಗೂಡು ತೋರ್ಸಿ. ಆಮೇಲೆ ಬರೀತೀನಿ.”

“ಮೀಟಿಂಗ್ ಇದೆ ಕಣಮ್ಮ,” ಎಂದು ಮೇಷ್ಟ್ರು ಫೋನಿಟ್ಟರು.