ಎರಡೂ ಎಡತೋಳು

ಟೈಲರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ ಎಂದರೆ ನಂಬಬೇಡಿ. ‘ನಾಳೆ ಬನ್ನಿ, ರೆಡಿ ಇರುತ್ತೆ’ ಎಂದು ಗಿರಾಕಿಗಳನ್ನು ಜೀವಮಾನವಿಡೀ ಸಾಗಹಾಕಿದ ಬಾಯಿ ಅದು. ಹಾಗಾಗಿ ಡಾಕ್ಟರಮ್ಮ "ಮನೇಲಿ ಯಾರಿದ್ದಾರೆ?" ಎಂದು ಕೇಳಿದಾಗ ಹಿಂದೆಮುಂದೆ ನೋಡದೆ "ತಮ್ಮ ಇದ್ದಾನೆ" ಅಂದುಬಿಟ್ಟ. ತಮ್ಮನೂ ಇಲ್ಲ, ಗಿಮ್ಮನೂ ಇಲ್ಲ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿ ಹಿಂದಿನ ಕೋಣೆಯಲ್ಲಿ ಅವನೊಬ್ಬನೇ.

ತಲೆಯೊಳಗಿನ ಗೆಡ್ಡೆಯನ್ನು ಆಪರೇಷನ್ ಮಾಡಿ ತೆಗೆದಿದ್ದರು. ಚೂರುಪಾರು ಉಳಿದಿರಬಹುದೆಂದು ಈಗ ದಿನಾ ರೇಡಿಯೇಷನ್. ಅದಕ್ಕೆ ಇವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ.

"ತಮ್ಮ ಇದ್ದೂ ಹೀಗೆ ತಪ್ಪಿಸ್ತೀರಾ?" ಡಾಕ್ಟರಮ್ಮನಿಗೆ ಸಿಟ್ಟು ಬಂತು. "ಈ ಕಾಯಿಲೇಲಿ ಯಾರು ಎಷ್ಟು ದಿನ ಅಂತ ನಾನು ಹೇಳಕ್ಕಾಗಲ್ಲ. ಗೆಡ್ಡೆ ಯಾವ ಥರದ್ದು ಅನ್ನೋದೇ ಮುಖ್ಯ. ಆದ್ರೆ ಜೊತೆಗೆ ಒಬ್ರು ಇದ್ರೆ ಚಿಕಿತ್ಸೆ ಪೂರ್ತಿ ಆಗುತ್ತೆ, ಹೊತ್ತಿಗೆ ಊಟ, ನಿದ್ದೆ ಆಗುತ್ತೆ. ಅಂಥೋರು ಒಂಟಿಯಾಗಿರೋರಿಗಿಂತ ಹೆಚ್ಚು ಕಾಲ ಬಾಳಿದ್ದನ್ನ ನೋಡಿದ್ದೀನಿ. ನಾಳೆ ತಮ್ಮನನ್ನ ಕರ್ಕೊಂಡೇ ಬನ್ನಿ."

ಸುಳ್ಳು ಹೊರಬಿದ್ದರೆ ಮಾನ ಹೋಗುತ್ತದೆ. ಇನ್ನು ಆಸ್ಪತ್ರೆ ಕಡೆ ತಲೆಯೇ ಹಾಕಬಾರದು ಎಂದುಕೊಂಡು ಟೈಲರ್ ಮನೆಗೆ ಬಂದ. ಆದರೆ ಸಾಯೋಕೆ ಭಯ. ಅದನ್ನು ಯಾರಿಗೆ ಹೇಳಿಕೊಳ್ಳುವುದು?

ಎದುರಿಗೆ ಇನ್ನೊಂದು ಟೈಲರ್ ಅಂಗಡಿ, ಅದರ ಮಹಡಿ ಮೇಲೇ ಆ ಟೈಲರ್ ಮನೆ. ಷರ್ಟು ಇವನದು, ಪ್ಯಾಂಟು ಅವನದು. ಒಬ್ಬರಲ್ಲಿಗೆ ಬಂದ ಗಿರಾಕಿಯನ್ನು ಇನ್ನೊಬ್ಬರ ಹತ್ತಿರ ಕಳಿಸುತ್ತಿದ್ದರು. ಎದುರಂಗಡಿಯವನು ಬಾಯಿ ತುಂಬ ‘ಅಣ್ಣ’ ಎನ್ನುತ್ತಿದ್ದ. ಒಂದು ದಿನ ಟೈಲರ್ ಒಂದೇ ಷರ್ಟಿಗೆ ಎರಡೂ ಎಡತೋಳು ಕೂರಿಸಿಬಿಟ್ಟ. ಎದುರಂಗಡಿಯವನು ಆ ಷರ್ಟನ್ನು ಎತ್ತಿ ಹಿಡಿದು, ಹೊಟ್ಟೆ ಹಿಡಿದುಕೊಂಡು, ಬೀದಿಗೆಲ್ಲ ಕೇಳುವಂತೆ ನಕ್ಕ. ಟೈಲರ್ ಮಾತು ಬಿಟ್ಟ. ಆಮೇಲೆ ಫಿಟ್ಸ್ ಬಂದು ಬಿದ್ದಾಗ ಗೊತ್ತಾಯಿತು, ತೋಳು ತಪ್ಪಾಗಿ ಕೂರಿಸಿದ್ದು ತಲೆಯೊಳಗಿನ ಗೆಡ್ಡೆ. ಆದರೂ ಮುನಿಸು ಮುನಿಸೇ.

ಬೆಳಿಗ್ಗೆ ಟೈಲರ್ ರಸ್ತೆ ದಾಟಿ ಅವನ ಕಟಿಂಗ್ ಟೇಬಲ್ ಮುಂದೆ ನಿಂತ. ಅವನ ಮುಖ ನೋಡಲಿಲ್ಲ.

"ಇವತ್ತೊಂದು ದಿನ ತಮ್ಮ ಆಗ್ತೀಯೇನೋ?"

ಎದುರಂಗಡಿಯವನು ಯಾಕೆ, ಏನು ಎಂದು ಕೇಳದೆ ಕತ್ತರಿ ಇಟ್ಟು ಶಟರ್ ಎಳೆದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೇರ ‘ತಮ್ಮ’ನನ್ನೇ ಹಿಡಿದುಕೊಂಡರು. "ಊಟ ಹೇಗೆ ಮಾಡ್ತಾರೆ?"

ಕೆಟ್ಟೆ, ಇವನಿಗೇನು ಗೊತ್ತು ಎಂದು ಟೈಲರ್ ಬೆವೆತ.

"ಎಲ್ಲಿಯ ಊಟ ಮೇಡಂ? ಬೆಳಿಗ್ಗೆ ಟೀ, ಮಧ್ಯಾಹ್ನ ಟೀ, ಸಂಜೆ ಟೀ ಜೊತೆ ಬನ್ನು. ಅದ್ರಲ್ಲೂ ಅರ್ಧ ಬೀದಿ ನಾಯಿಗೆ."

"ನಿದ್ದೆ?"

"ಅಣ್ಣನ ಕೋಣೆ ದೀಪ ಆರಿದ ಮೇಲೆ ಮಲಗೋಣ ಅಂತ ಕಿಟಕೀಲಿ ಕೂತಿರ್ತೀನಿ. ನಂಗೇ ನಿದ್ದೆ ಬಂದ್ಬಿಡುತ್ತೆ, ದೀಪ ಆರಲ್ಲ."

"ಸಿಗರೇಟು?"

"ಬಿಟ್ಟೆ," ಎಂದ ಟೈಲರ್, ತಟ್ಟನೆ.

"ಹೌದು ಮೇಡಂ, ಅಂಗಡಿ ಮುಂದೆ ಸೇದೋದು ಬಿಟ್ಟಿದ್ದಾನೆ. ಈಗ ಹಿಂದುಗಡೆ. ಗೋಡೆ ಮೇಲೆ ಹೊಗೆ ಕಾಣುತ್ತೆ."

ಟೈಲರ್ ತಿರುಗಿ ಅವನ ಮುಖ ನೋಡಿದ. ತನಗೆ ಯಾರೂ ಇಲ್ಲ ಎಂದು ಕೊರಗುತ್ತ ಕೂತಿದ್ದಾಗೆಲ್ಲ ಇವನು ಎದುರಿಗೇ ಕೂತು ನೋಡುತ್ತಿದ್ದನಲ್ಲ! ದುಃಖ ಉಕ್ಕಿ ಬಂತು. ಕೆಮ್ಮಿದ ಹಾಗೆ ಮಾಡಿ ಕಣ್ಣೊರೆಸಿಕೊಂಡ.

"ಇಷ್ಟೆಲ್ಲ ಗೊತ್ತಿದ್ದೂ ಸುಮ್ನಿದ್ರಾ? ಎಂಥ ತಮ್ಮ ರೀ ನೀವು?" ಡಾಕ್ಟರಮ್ಮ ಗದರಿದರು.

"ತಪ್ಪಾಯ್ತು ಮೇಡಂ," ಎಂದು ಎದುರಂಗಡಿಯವನು ತಲೆ ತಗ್ಗಿಸಿದ. ಅದು ನಾಟಕವಾಗಿರಲಿಲ್ಲ.

ರೇಡಿಯೇಷನ್ ಮುಗಿಸಿ ಇಬ್ಬರೂ ಹೊರಗೆ ಬಂದರು.

"ಅವತ್ತು ನಾನು ನಗಬಾರದಿತ್ತು ಅಣ್ಣ. ಮುಖ ತೋರ್ಸೋಕೆ ಧೈರ್ಯ ಬರ್ಲಿಲ್ಲ."

"ಬಿಡೋ. ಎರಡೂ ಎಡತೋಳು ನೋಡಿ ನಗದೆ ಅಳ್ತಾರಾ?"

"ಇವತ್ತಿಂದ ಊಟ ನಮ್ಮನೇಲಿ. ನಾಳೆಯಿಂದ ಇಲ್ಲಿಗೂ ಜೊತೇಲೇ ಬರೋದು."

"ಒಂದು ದಿನಕ್ಕೆ ಅಂದಿದ್ನಲ್ಲೋ."

"ಆಗಲ್ಲ ಅನ್ನು, ಈಗ್ಲೇ ಒಳಗೆ ಹೋಗಿ ನಾನು ಇವನ ತಮ್ಮನೇ ಅಲ್ಲ ಅಂತ ಹೇಳ್ಬಿಡ್ತೀನಿ."

ಅವನು ನಿಜವಾಗಿಯೂ ಬಾಗಿಲ ಕಡೆ ತಿರುಗಿದ. ಟೈಲರ್ ಗಾಬರಿಯಿಂದ ಅವನ ತೋಳು ಹಿಡಿದುಕೊಂಡ.

"ಹಾಗನ್ಬೇಡ್ವೋ," ಎಂದು ಜೇಬಿನಿಂದ ಸಿಗರೇಟು ಪ್ಯಾಕು ತೆಗೆದು ಅವನ ಕೈಗಿಟ್ಟ. ಬಸ್ಸು ಬರುವವರೆಗೂ ತೋಳು ಬಿಡಲಿಲ್ಲ.